ಐದನೆಯ ಭಾವನೆಯಲ್ಲಿ ನಿಂತದ್ದು

ದಶಲಕ್ಷಣ ಪರ್ವದ ಮೂರನೆಯ ದಿನ, ಬೆಳಗಿನ ಒಂಬತ್ತೂವರೆಗೆ, ಪದ ಹೇಳುತ್ತಿದ್ದ ಕಂಪ್ಯೂಟರು ಎರಡನೆಯ ಸಲ ನಿಂತುಹೋಯಿತು. ಛಾಯಾ ತನ್ನ ಅತ್ತೆಯ ಮುಖ ನೋಡಲಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ತಂಬಿಗೆ ನೋಡಿದಳು. ಗಾಳಿಸಿ, ಕಾಯಿಸಿ, ಆರಿಸಿ ತುಂಬಿಟ್ಟ ನೀರು. ಬೆಳಗಿನಿಂದ ಅದರ ಮುಚ್ಚಳ ತೆಗೆದಿರಲಿಲ್ಲ.

ಮುರಿದ ಮೊಳಕಾಲು ಚಾಚಿ ಕೂತಿದ್ದ ತಂಗೆವ್ವ ಕಣ್ಣು ಬಿಡದೆಯೇ ಹೇಳಿದಳು, “ಮೊದಲಿಂದ ಹಚ್ಚು.”

“ಅತ್ತ್ಯಾರ, ಐದನೇ ಭಾವನಾತನಕ ಕೇಳೀರಿ. ಅಲ್ಲಿಂದ ಮುಂದ ಹಚ್ತೇನ್ರಿ.”

“ಅರ್ಧಾಕ್ಕ ನಿಂತದ್ದು ಕೇಳಿದಂಗಲ್ಲ. ಮೊದಲಿಂದ ಹಚ್ಚು ಅಂದ್ನೆಲ್ಲ.”

ತಂಗೆವ್ವನಿಗೆ ಎಂಬತ್ತೆರಡು. ಮದುವೆಯಾಗಿ ಸಾಂಗ್ಲಿಗೆ ಬಂದಾಗಿನಿಂದ ಪರ್ವದ ಹತ್ತೂ ದಿನ ಬಸದಿಯಲ್ಲಿ ಅನಿತ್ಯ, ಅಶರಣ ಮೊದಲಾದ ಹನ್ನೆರಡು ಭಾವನೆಗಳ ಪದ ಕೇಳಿ ಬಂದ ಮೇಲೆಯೇ ಅವಳ ಬಾಯಿಗೆ ನೀರು. ಆಮೇಲೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮುಂಚೆ. ಈ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದಳು, ಬಸದಿಯ ಮೆಟ್ಟಿಲು ತಪ್ಪಿತು. ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳು ಆಹಾರಕ್ಕೆಂದು ಓಣಿಗೆ ಬಂದ ದಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು, ಕೈಮುಗಿದು ನಿಯಮ ತೆಗೆದುಕೊಂಡಳು: ಮನೆಯಲ್ಲಿಯೇ, ತನ್ನ ಯಜಮಾನರ ದನಿಯಲ್ಲಿ ಪದ ಪೂರ್ತಿ ಕೇಳಿ ನೀರು ಮುಟ್ಟುತ್ತೇನೆ.

ಯಜಮಾನರು ತೀರಿಕೊಂಡು ಹನ್ನೊಂದು ವರ್ಷ. ಅವರು ನಡುಮನೆಯಲ್ಲಿ ಕೂತು ಹೇಳಿದ್ದ ಪದ ಒಂದು ಕ್ಯಾಸೆಟ್ಟಿನಲ್ಲಿತ್ತು. ಛಾಯಾಳ ಗಂಡ ಧನಪಾಲ, ಅರಿಶಿನದ ವ್ಯಾಪಾರಿ, ಕಂಪ್ಯೂಟರು ತಂದ ವರ್ಷ ಅದನ್ನು ಅದರೊಳಗೆ ಹಾಕಿಸಿದ್ದ. ಹಾಕಿಸಿದ್ದು ಒಳ್ಳೆಯದೇ ಆಯಿತು. ಎರಡು ವರ್ಷದ ಹಿಂದೆ ಕೃಷ್ಣೆ ಉಕ್ಕಿ ಮನೆಯೊಳಗೆ ಬಂದಾಗ ಕ್ಯಾಸೆಟ್ಟುಗಳೆಲ್ಲ ಕೆಸರಾದವು. ಮಾವನವರ ದನಿ ಉಳಿದದ್ದು ಅಟ್ಟಕ್ಕೇರಿಸಿದ್ದ ಈ ಡಬ್ಬಿಯಲ್ಲಿ ಮಾತ್ರ.

ಆ ಡಬ್ಬಿಗೂ ಈಗ ವಯಸ್ಸಾಗಿತ್ತು. ಸಾಂಗ್ಲಿ–ಮಿರಜ ರಸ್ತೆಯ ಎರಡೂ ಬದಿಗೆ ಗಾಜಿನ ಅಂಗಡಿಗಳೆದ್ದು, ಎರಡು ಊರು ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದಂತಾಗಿದ್ದ ಕಾಲ. ಎಂಜಿನಿಯರಿಂಗ್ ಓದುತ್ತಿದ್ದ ಮಗ ಅರಿಹಂತನಿಗೆ ಕಂಪ್ಯೂಟರನ್ನು ಟೀವಿಗೆ ಜೋಡಿಸಿ ಸಿನೆಮಾ ನೋಡಬೇಕು. ಇದರಲ್ಲಿ ಸಿನೆಮಾ ಹಾಕಿದರೆ ನಾಯಕ ಎತ್ತಿದ ಕೈ ಇಳಿಸುವುದರೊಳಗೆ ಹಾಡೇ ಮುಗಿಯುತ್ತಿತ್ತು. ಹೊಸ ಅಂಗಡಿಯೊಂದರಲ್ಲಿ ಹಳೆಯದು ಕೊಟ್ಟು ಹೊಸದು ಒಯ್ಯುವ ಯೋಜನೆ ಬಂದಿತ್ತು. ಇಂದು ಹನ್ನೊಂದಕ್ಕೆ ಅಂಗಡಿಯವರು ಬಂದು ಹಳೆಯದನ್ನು ಒಯ್ಯುವವರಿದ್ದರು.

ಒಪ್ಪಿಕೊಂಡವಳು ಛಾಯಾಳೇ. ಚಾತುರ್ಮಾಸದ ಮೊದಲ ದಿನ ಅವಳು ಪರಿಗ್ರಹಕ್ಕೆ ಮಿತಿ ಹಾಕಿಕೊಂಡು, ಮನೆಯ ವಸ್ತುಗಳನ್ನೆಲ್ಲ ಎಣಿಸಿ ಒಂದು ವಹಿಯಲ್ಲಿ ಬರೆದಿದ್ದಳು. ಯಂತ್ರಗಳು ಐದು: ಫ್ರಿಜ್, ಮಿಕ್ಸರ್, ಟೀವಿ, ಹೊಲಿಗೆ ಯಂತ್ರ, ಕಂಪ್ಯೂಟರ್. ಒಂದು ಹೋಗಿ ಒಂದು ಬಂದರೆ ಐದು ಐದೇ ಅಲ್ಲವೇ? ಎಣಿಕೆ ಸರಿಯಾಗಿದೆ ಎಂದು ಅಷ್ಟಕ್ಕೇ ನಿಶ್ಚಿಂತಳಾಗಿದ್ದಳು.

ಮೊದಲಿಂದ ಹಚ್ಚಿದಳು. ಮಾವನವರ ದನಿ ಮೊದಲ ಭಾವನೆ ದಾಟಿತು, ಎರಡು, ಮೂರು, ನಾಲ್ಕು ದಾಟಿತು. ಐದನೆಯದರಲ್ಲಿ “ಬಂದವರಿಗೆ ಹಾಸಿದ” ಎಂದದ್ದೇ, ಪರದೆ ಮೇಲಿನ ಬಾಣ ಕಲ್ಲಾಯಿತು.

“ನೋಡ ಆಯಿ, ನಾ ಹೇಳಿಲ್ಲೇನ?” ತಾಯಿಗೆ ಹೇಳುತ್ತ ಅರಿಹಂತ ಬಾಗಿಲಿಗೆ ಒರಗಿದ್ದ. “ಮುದುಕ ಆಗ್ಯದ. ಆಜೀದಕಿಂತ ಮೊದಲ ಇದರ ಮೊಳಕಾಲ ಹೋಗ್ಯದ.”

“ನನ್ನ ಮೊಳಕಾಲ ಸುದ್ದಿ ನಿನಗ್ಯಾಕೋ ಮಂಗ್ಯಾ?” ಎಂದಳು ತಂಗೆವ್ವ. ದನಿ ಒಣಗಿತ್ತು. ಮಾತಿನ ನಡುವೆ ನಾಲಗೆಯಿಂದ ತುಟಿ ಸವರಿಕೊಂಡಳು.

ಮೊದಲ ದಿನ ಮೂರನೆಯ ಪ್ರಯತ್ನಕ್ಕೆ ಪದ ದಾಟಿತ್ತು. ನಿನ್ನೆ ಆರನೆಯದಕ್ಕೆ, ಅತ್ತೆ ನೀರು ಕುಡಿದಾಗ ಮಧ್ಯಾಹ್ನ ಮೂರು. ಇಂದು? ಛಾಯಾ ನಿಂತ ಬಾಣವನ್ನೇ ನೋಡಿದಳು. ಬಾಯಲ್ಲಿ ಆ ಎರಡು ಶಬ್ದಗಳೇ ಇದ್ದವು. ಬಂದವರಿಗೆ ಹಾಸಿದ. ನಿನ್ನೆಯೂ ಇಲ್ಲಿಯೇ. ಮೊನ್ನೆಯೂ ಇಲ್ಲಿಯೇ. ಮಾಲಗಾಂವದ ತವರಿನಲ್ಲಿ ಅಪ್ಪ ಪದ ಹೇಳುವಾಗ ಬೆರಳಿನಿಂದ ಸಾಲು ಹಿಡಿಯುತ್ತಿದ್ದ ಹುಡುಗಿ ಅವಳು. ಪದ ಎಲ್ಲಿ ತಡೆಯಿತೆಂಬುದು ಅವಳ ಕಿವಿ ಮರೆಯುವುದಿಲ್ಲ.

“ಅರಿಹಂತ, ನಿನ್ನ ಸಿನೆಮಾ ಎಲ್ಲಿ ನಿಂದರತದ?”

“ಎಲ್ಲೆಂದರಲ್ಲಿ.”

“ಪದ ಎಲ್ಲೆಂದರಲ್ಲಿ ನಿಂದ್ರೂದಿಲ್ಲ. ಮೂರು ದಿನ ಒಂದ ಶಬ್ದದ ಮ್ಯಾಲ ನಿಂತದ. ಮುದುಕರು ದಿನಾ ಒಂದ ಕಲ್ಲಿಗೆ ಎಡವ್ತಾರೇನ? ಕಲ್ಲ ಅಲ್ಲೇ ಅದ.” ಅವಳು ತಿರುಗಿ ನಿಂತಳು. “ಎಲ್ಲಾ ಸೀಡಿಗೆ ಹಾಕೇನಿ ಅಂದಿದ್ದೆಲ್ಲ? ತಾ, ಅದರಾಗಿಂದ ಹಚ್ಚೋಣ.”

ಅರಿಹಂತ ತಲೆ ಕೆರೆದುಕೊಂಡ. “ಅಗ ಆಯಿ… ಎಲ್ಲಾ ಹಾಕೇನಿ. ಒಂದು ಫೈಲ್ ಮಾತ್ರ ಬರವಲ್ತಾಗಿತ್ತು. ಬಿಟ್ಟು ಮುಂದ ಹೋಗಲೇನು ಅಂತ ಕೇಳ್ತು. ಹೂಂ ಅಂತ ಒತ್ತಿದೆ.”

“ಯಾವ ಫೈಲ್?”

ಅವನು ಪರದೆಯ ಮೇಲೆ ನಿಂತಿದ್ದ ಬಾಣದ ಕಡೆ ನೋಡಿದ. ಗೋಡೆಯ ಗಡಿಯಾರ ಹತ್ತಾಗಿದೆಯೆಂದು ತೋರಿಸುತ್ತಿತ್ತು. ಇನ್ನೊಂದು ತಾಸಿಗೆ ಮಾವನವರು ಎರಡನೆಯ ಸಲ ಈ ಮನೆ ಬಿಟ್ಟು ಹೋಗುತ್ತಿದ್ದರು, ವಹಿಯಲ್ಲಿ ಎಣಿಕೆ ಮಾತ್ರ ಐದಾಗಿಯೇ ಉಳಿಯುತ್ತಿತ್ತು. ಛಾಯಾಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಆ ಸಿಟ್ಟಿನಲ್ಲಿಯೇ ಕಂಪ್ಯೂಟರಿನ ಹಿಂದಿನ ವಾಯರುಗಳನ್ನು ಒಂದೊಂದಾಗಿ ಕಿತ್ತಳು.

“ಅಂಗಡ್ಯಾವರಿಗೆ ಫೋನ್ ಮಾಡು. ಬರಬ್ಯಾಡ್ರಿ ಅನ್ನು.”

“ಪಪ್ಪಾಗ ಕೇಳೂದಿಲ್ಲೇನ?”

“ಅವರು ಬಜಾರದಾಗ ಸೌದಾದಾಗ ಇರ್ತಾರ. ಸಂಜಿಗೆ ನಾನ ಹೇಳ್ತೇನಿ.” ಆಮೇಲೆ ಮಂಚದ ಹತ್ತಿರ ಬಂದು ಬಾಗಿದಳು. “ಅತ್ತ್ಯಾರ, ನಾ ಬಾಯಿಪಾಠ ಹೇಳಿದ್ರ ನಡ್ಯೂದಿಲ್ಲೇನ್ರಿ?”

“ಅವರ ದನೀಲೆ ಅಂತ ಮಾತು ಕೊಟ್ಟೇನಿ.”

“ಹಂಗಾದ್ರ ಹೊತ್ತು ಮುಳಗೂದ್ರೊಳಗ ಅವರನ್ನ ತರ್ತೇನ್ರಿ.”

“ತಂದ್ರ ನೀರು ಕುಡೀತೇನಿ,” ಎಂದಳು ತಂಗೆವ್ವ, ಯಾರದೋ ಮಾತು ಹೇಳುವಂತೆ. “ತರದಿದ್ರ ನಾಳೆ.”

ಕೌದಿಯಲ್ಲಿ ಸುತ್ತಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಛಾಯಾ ಮಿರಜಕ್ಕೆ ಹೋಗುವ ಆಟೋ ಹತ್ತಿದಳು. ಗುಂಡಿಯೊಂದಕ್ಕೆ ಆಟೋ ಹಾರಿದಾಗ ಎರಡೂ ಕೈಯಲ್ಲಿ ಅವುಚಿಕೊಂಡದ್ದು ನೋಡಿ ಎದುರಿನ ಹೆಂಗಸು ಕೇಳಿದಳು, “ಕೂಸಿಗೆ ಎಷ್ಟು ತಿಂಗಳಾತ್ರಿ?”

“ಕೂಸಲ್ರಿ. ಮಾವನೋರು,” ಎಂದಳು ಛಾಯಾ. ಆ ಹೆಂಗಸು ಸೀಟಿನ ಆ ತುದಿಗೆ ಸರಿದು ಕೂತಳು.

ನೀಲೇಶನ ಕಂಪ್ಯೂಟರ್ ರಿಪೇರಿ ಅಂಗಡಿ ಸ್ಟೇಷನ್ನಿನ ಹಾದಿಯಲ್ಲಿ. ಅವಳ ತವರೂರಿನ ಹುಡುಗ. ಕನ್ನಡ ಪೂರ್ತಿ ಬರುತ್ತಿತ್ತು, ಆಡಲು ಹೋದರೆ ಅರ್ಧ ಮರಾಠಿಯಾಗುತ್ತಿತ್ತು. ಎಲ್ಲವನ್ನೂ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದ: “ನಕ್ಕೀ, ಖರೇನ ಕಾಕು? ದರವೇಳಿ, ಪ್ರತಿಸಲಾ ಅದೇ ಜಾಗಾ?”

“ಅದೇ ಶಬ್ದ.”

ಅರ್ಧ ತಾಸಿನ ಮೇಲೆ ಪರದೆಯಿಂದ ಮುಖ ಎತ್ತಿದ. “ಮಶೀನ್ ಹಳೇದು, ಆದ್ರ ಬೀಮಾರ ಅಲ್ಲ. ಒಳಗಿನ ಡಿಸ್ಕ್ ಮ್ಯಾಗ ಒಂದು ಚುಕ್ಕಿ ಸತ್ತದ. ಪದಾ ಅದರ ಮ್ಯಾಗ ಬರಕೊಂಡದ. ಹೊಸಾ ಕಂಪ್ಯೂಟರ್ ತಂದ್ರೂ ಪದಾ ಬರತಿದ್ದಿಲ್ಲ ಕಾಕು. ಸಾವಕಾಶ ಓದಿಸಿ ತೆಗೀಬೇಕು. ನೀವು ಮನೀಗೆ ಹೋಗ್ರಿ, ಉದ್ಯಾ ಮುಂಜಾನೆ ಬರ್ರಿ.”

“ಇಲ್ಲೇ ಕುಂದರ್ತೇನಿ. ಇವತ್ತ ಬೇಕು.”

“ಎರಡಕ್ಕ ಲೈಟ್ ಹೋಗತದ. ಐದಕ್ಕ ಬರತದ.”

“ಬ್ಯಾಟರಿ ಅದಲ್ಲ?”

ನೀಲೇಶ ಅವಳ ಮುಖ ನೋಡಿ ಮತ್ತೆ ಪರದೆಗೆ ತಿರುಗಿದ. ಎರಡಕ್ಕೆ ದೀಪ ಹೋದಾಗ ತಾನೇ ಎದ್ದು ಫ್ಯಾನು ಆರಿಸಿದ, ಟ್ಯೂಬ್ ಲೈಟ್ ಆರಿಸಿದ, ಪಕ್ಕದ ಎರಡು ಕಂಪ್ಯೂಟರುಗಳನ್ನೂ ಆರಿಸಿದ. ಬ್ಯಾಟರಿಯಲ್ಲಿದ್ದ ಶಕ್ತಿಯೆಲ್ಲ ಒಂದು ಸತ್ತ ಚುಕ್ಕೆಯ ಕಡೆಗೆ ಹರಿಯಿತು. ಸೆಕೆಯಲ್ಲಿ ಛಾಯಾ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಹೊಟ್ಟೆಗಿಲ್ಲದೆ, ಮನಸ್ಸಿನಲ್ಲಿಯೇ ಹನ್ನೆರಡೂ ಭಾವನೆ ಹೇಳಿಕೊಂಡಳು. ಮುಗಿದಾಗ ಮತ್ತೆ ಮೊದಲಿಂದ.

ನಾಲ್ಕು ಬಡಿದು ಹತ್ತು ನಿಮಿಷಕ್ಕೆ ನೀಲೇಶ ಹೇಳಿದ, “ನಲವತ್ತೊಂದು ಮಿನಿಟ್. ಸಗಳಂ, ಎಲ್ಲಾ ಬಂತು. ಆರು ಸೆಕೆಂಡ್ ಬಿಟ್ಟು. ಅಲ್ಲಿ ಇನ್ನ ನಿಂದ್ರೂದಿಲ್ಲ, ಸುಮ್ಮನ ಇರತದ. ಆ ಆರು ಸೆಕೆಂಡ್ ದೇವರಿಗೂ ಸಿಗೂದಿಲ್ಲ.”

ಮುಚ್ಚಿಹೋದ ಸೈಬರ್ ಕೆಫೆಯದೊಂದು ಹಳೆಯ ಡಿಸ್ಕ್ ಹಾಕಿ ಪದವನ್ನು ಅದರಲ್ಲಿಟ್ಟ. ಎರಡು ಸೀಡಿಗಳಿಗೂ ಇಳಿಸಿಕೊಟ್ಟ. ಕೆಟ್ಟದ್ದನ್ನು ಕಾಗದದಲ್ಲಿ ಸುತ್ತಿ ಕೊಡಲು ಹೋದಾಗ ಛಾಯಾ ಕೈ ಹಿಂದೆಳೆದಳು. “ಒಂದು ಒಳಗ ಬಂದದ, ನನ್ನ ವಹೀ ಎಣಿಕಿ ಹೆಚ್ಚಾಗಬಾರದು. ಅದು ಇಲ್ಲೇ ಇರಲಿ.”

ಮನೆ ಮುಟ್ಟಿದಾಗ ಐದೂಕಾಲು. ಅರಿಹಂತ ಓಡಿಬಂದು ಡಬ್ಬಿ ಇಳಿಸಿಕೊಂಡ. ಮಾತಾಡದೆ ವಾಯರು ಜೋಡಿಸಿದ. ತಂಗೆವ್ವ ದಿಂಬಿಗೆ ಕುಸಿದಿದ್ದಳು, ಕಣ್ಣುಗಳಷ್ಟೇ ಎಚ್ಚರವಾಗಿದ್ದವು. ಹೊತ್ತು ಮುಳುಗಲು ತಾಸಿನ ಮೇಲೆ ಸ್ವಲ್ಪ. ಒಂದೇ ಸಲಕ್ಕೆ ಸಮಯವಿತ್ತು. ಅತ್ತೆ ಇನ್ನೊಮ್ಮೆ ಮೊದಲಿಂದ ಹಚ್ಚೆಂದರೆ ಇಂದು ನೀರಿಲ್ಲ.

ಹೇಳದೆ ಹಚ್ಚಬಹುದಿತ್ತು. ಛಾಯಾಳಿಗೆ ಅದು ಆಗಲಿಲ್ಲ.

“ಅತ್ತ್ಯಾರ, ಐದನೇ ಭಾವನಾದಾಗ ಆರು ಸೆಕೆಂಡ್ ದನಿ ಇಲ್ರಿ. ಹೋಗೇಬಿಟ್ಟದ. ಮುಚ್ಚಿಡೂದಿಲ್ಲ.”

ತಂಗೆವ್ವ ದಿಂಬಿನಿಂದ ಮೇಲೆದ್ದು ಕೂತಳು. “ಹಚ್ಚು,” ಎಂದಳು.

ಮೊದಲ ಭಾವನೆ. ಎರಡು. ತಂಗೆವ್ವನ ಬೆರಳು ಮಂಚದ ಪಟ್ಟಿಗೆ ತಾಳ ಹಾಕುತ್ತಿತ್ತು. ಮೂರು. ನಾಲ್ಕು. ಛಾಯಾ ಕೈ ಹಿಡಿದು ದಾಟಿಸುವವಳಂತೆ ಕಂಪ್ಯೂಟರಿನ ಮೇಲೆ ಅಂಗೈ ಇಟ್ಟಿದ್ದಳು.

“ಬಂದವರಿಗೆ ಹಾಸಿದ…”

ನಿಶ್ಶಬ್ದ. ತಾಳ ಮಾತ್ರ ನಿಲ್ಲಲಿಲ್ಲ.

“ಚಾಪೆಯನು ಸುತ್ತುವರಾರು!” ಎಂದಳು ತಂಗೆವ್ವ. ಪದ ಹೇಳುವ ದನಿಯಲ್ಲ. ಒಲೆಯ ಮುಂದೆ ಕೂತು ನಡುಮನೆಯವರಿಗೆ ಕೂಗುವ, ಬೈಯುವಂಥ ದನಿ.

ಕೂಡಲೇ ಮಾವನವರು ಒಳಗಿನಿಂದ ಎತ್ತಿಕೊಂಡರು: “ಚಾಪೆಯನು ಸುತ್ತುವರಾರು, ಹೊರಟವರು ತಿರುಗಿ ನೋಡದಿರಲು…”

ಅರಿಹಂತ ಬಾಗಿಲಿಂದ ಒಳಗೆ ಬಂದು ನೆಲದ ಮೇಲೆ ಕೂತ. ಪದ ಆರಕ್ಕೆ ಹೋಯಿತು, ಏಳಕ್ಕೆ ಹೋಯಿತು, ಹನ್ನೆರಡನ್ನೂ ಮುಗಿಸಿತು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು.

“ನೀರು ಕೊಡು,” ಎಂದಳು ತಂಗೆವ್ವ.

ಅರ್ಧ ತಂಬಿಗೆ ಒಂದೇ ಉಸಿರಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಹಾಂಗ್ಯಾಕ ನೋಡ್ತೀ? ಅಲ್ಲಿ ಅವರು ಮರೀತಿದ್ರು. ಇಪ್ಪತ್ತು ವರ್ಷ ಅದ ಜಾಗಾದಾಗ. ನಾನ ಅಡಿಗಿಮನ್ಯಾಗಿಂದ ಹೇಳಿಕೊಡತಿದ್ದೆ. ಕ್ಯಾಸೆಟ್ ಮಾಡಿದ ದಿನಾನೂ ಹೇಳಿಕೊಟ್ಟೇನಿ. ಹೋಗಿದ್ದು ಅವರ ದನಿ ಅಲ್ಲ, ನಂದು. ನನ್ನ ನಿಯಮಕ್ಕ ಏನೂ ಆಗಿಲ್ಲ.”

ಛಾಯಾಳಿಗೆ ನೆನಪಾಯಿತು. ಆ ಜಾಗದಲ್ಲಿ ದೂರದಿಂದ ಏನೋ ಕೇಳುತ್ತಿತ್ತು. ಇಷ್ಟು ವರ್ಷ ಪಾತ್ರೆಯ ಸದ್ದೆಂದುಕೊಂಡಿದ್ದಳು.

“ಮತ್ತ ಆಜಿ,” ಅರಿಹಂತ ಮೆಲ್ಲಗೆ ಕೇಳಿದ, “ಮೊದಲಿಂದ ಹಚ್ಲೇನ?”

“ಮೊದಲ ಎರಡು ತಾಟ ಹಚ್ಚೋ. ನಿಮ್ಮವ್ವನೂ ಉಪಾಸ ಅದಾಳ. ಹೊತ್ತು ಮುಳಗತದ.”

ಅವನು ಎದ್ದವನು ಬಾಗಿಲಲ್ಲಿ ತಡೆದ. “ಆಯಿ, ಅಂಗಡ್ಯಾವರು ಮತ್ತ ಫೋನ್ ಮಾಡಿದ್ರು. ದೀಪಾವಳೀತನಕ ಸ್ಕೀಮ್ ಅದಂತ. ಏನ ಹೇಳ್ಲಿ?”

“ಬರೂದಿಲ್ಲ ಅಂತ ಹೇಳು.” ಛಾಯಾ ಕೌದಿ ಮಡಿಸುತ್ತಿದ್ದಳು. “ದೀಪಾವಳಿಗೆ ಚಾತುರ್ಮಾಸ ಮುಗದಮ್ಯಾಲ ನೀಲೇಶನ ಕಡೆ ಇದಕ್ಕ ಮೆಮರಿ ಹಾಕಸ್ತೇನಿ. ಟೀವಿಗೂ ಜೋಡಸು, ನಿನ್ನ ಸಿನೆಮಾನೂ ನೋಡು. ಇದು ಮಾತ್ರ ಈ ಮನಿ ಬಿಟ್ಟು ಹೋಗೂದಿಲ್ಲ.”

ಅರಿಹಂತ ಆಯಿಯ ಮುಖ ನೋಡಿ ತಾಟು ತರಲು ಹೋದ.