ಭಂಡಾರ ಮುಟ್ಟಿ ಕೊಟ್ಟ ಮಾತು

ಮಾಗನೂರಿನ ಕುರುಮಮ್ಮನಿಗೆ ಎರಡು ದಿನದಿಂದ ಒಂದೇ ಚಿಂತೆ. ಗಂಡ ಹನುಮಂತುವಿಗೆ ನಾರಾಯಣಪೇಟೆ ಕೋರ್ಟಿನಿಂದ ಸಾಕ್ಷಿ ಹೇಳಲು ಸಮನ್ಸ್ ಬಂದಿದೆ. ಪಕ್ಕದ ಮನೆಯ ಕಲ್ಯಾಣ್ ಹತ್ತಿರ ಪೊಲೀಸರು ಗಾಂಜಾ ಹಿಡಿದ ದಿನ, ಕುರಿ ಹೊಡೆದುಕೊಂಡು ಹೊರಟಿದ್ದ ಹನುಮಂತುವಿನ ಮುಂದೆಯೇ ತೂಗಿ, ಪೊಟ್ಟಣಕ್ಕೆ ಮೊಹರು ಹಾಕಿ, ಅದರ ಮೇಲೆ ಅವನ ಸಹಿ ಪಡೆದಿದ್ದರು. ಈಗ ಕಲ್ಯಾಣನ ತಾಯಿ ಪೆಂಟಮ್ಮ ಅತ್ತು ಕರೆದು, ಬೀರಪ್ಪ ದೇವರ ಅರಿಶಿನದ ಭಂಡಾರ ಮುಟ್ಟಿಸಿ, ಹನುಮಂತುವನ್ನು ಕೋರ್ಟಿಗೆ ಕಳಿಸುವುದಿಲ್ಲವೆಂದು ಕುರುಮಮ್ಮನಿಂದ ಮಾತು ತೆಗೆದುಕೊಂಡಿದ್ದಾಳೆ. ದೇವರ ಆಣೆ! ತಪ್ಪುವುದುಂಟೆ?

ಊರಿಗೆ ಕಾನೂನು ತಿಳಿಸಿ ಹೇಳುವ ಪ್ರಶಾಂತಿ ಬಂದಾಗ ಗಂಡನೆದುರೇ ಸಂಕಟ ಹೊರಬಿತ್ತು.

"ಹಿಡದೋರು ಪೊಲೀಸರು, ಅವರೇ ಹೇಳ್ಲಿ ಬಿಡವ್ವ. ನಮ್ಮ ಮನಿಯವರು ಯಾಕ ಬೇಕು?"

"ಅತ್ತಿ, ಹಿಡಿಯೋದು, ಲ್ಯಾಬಿಗೆ ಕಳಸೋದು, ತನಿಖಿ ಮಾಡೋದು ಪೊಲೀಸರ ಕೆಲಸರಿ. ಅದನ್ನ ಜಡ್ಜ್ ಮುಂದ ಇಡೋರು ಸರ್ಕಾರಿ ವಕೀಲರು. ಹೌದೋ ಅಲ್ಲೋ ಅನ್ನೋರು ಜಡ್ಜ್. ಕಣ್ಣಾರೆ ಕಂಡೋರು ಮಾವ."

"ಸರ್ಕಾರಿ ವಕೀಲ್ರು ಹೆಂಗರ ಮಾಡಿ ಹುಡುಗನ್ನ ಜೈಲಿಗೆ ಹಾಕಸ್ತಾರ, ಅಲ್ಲೇನು?"

"ಅಲ್ರಿ. ಖರೇ ಏನೈತಿ ಅದನ್ನ ತೋರಸಬೇಕು ಅವರು. ತೂಕ ನೋಡಿ ಶಿಕ್ಷಾ ಐತಿ, ಕಡಿಮಿ ಇದ್ರ ಶಿಕ್ಷಾನೂ ಕಡಿಮಿ. ಮಾವ, ತಕ್ಕಡ್ಯಾಗ ಎಷ್ಟಿತ್ತು?"

"ಮುಕ್ಕಾಲು ಕಿಲೋನೂ ಇರಲಿಲ್ಲವ್ವ," ಎಂದ ಹನುಮಂತು. "ಊರ ಮಂದಿ ಚೀಲಗಟ್ಟಲೆ ಅಂತಾರ."

"ಮಂದಿ ಏನರ ಅನ್ಲಿ. ನೀವು ಕಂಡಿದ್ದು ಕಂಡಂಗ ಹೇಳ್ರಿ. ಹುಡುಗಗೂ ನ್ಯಾಯ ಸಿಗೋದು ಅದರಾಗ."

ಕುರುಮಮ್ಮ ಎದ್ದವಳೇ ಪೆಂಟಮ್ಮನ ಮನೆಗೆ ನಡೆದಳು.

"ಅಕ್ಕ, ನಿನ್ನ ಆಣಿ ನೀ ಹಿಂದಕ್ಕ ತಗೋ. ಭಂಡಾರ ಮುಟ್ಟೋದು ಖರೇ ಹೇಳಾಕ, ಮುಚ್ಚಾಕ ಅಲ್ಲ. ನಿನ್ನ ಮಗ ನನ್ನ ಮಡಿಲಾಗ ಆಡಿದಾಂವ. ನನಗೇನು ಕರುಳಿಲ್ಲೇನು?"

ಪೆಂಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. "ಅಂವ ಸೇದಾಕ ಹತ್ತಿದಾಗ ನಾನು ಬಾಯಿ ಬಿಡಬೇಕಿತ್ತವ್ವ. ಮುಚ್ಚಿ ಮುಚ್ಚಿ ಮಗನ್ನ ಕಳಕೊಂಡೆ. ಹೋಗು, ಅಣ್ಣ ಖರೇ ಹೇಳ್ಲಿ. ನಾನೂ ಬರ್ತೀನಿ."

ಕೋರ್ಟಿನ ದಿನ ಬಸ್ಸಿನಲ್ಲಿ ಇಬ್ಬರು ಹೆಂಗಸರೂ ಕೈ ಹಿಡಿದು ಕೂತರು. ಸರ್ಕಾರಿ ವಕೀಲರು ಪೊಟ್ಟಣ ತೋರಿಸಿದಾಗ, ಸಾವಿರದಲ್ಲಿ ತನ್ನ ಕುರಿ ಗುರುತಿಸುವಂತೆ ಹನುಮಂತು ತನ್ನ ಸಹಿ ಗುರುತಿಸಿದ. ಕಂಡಷ್ಟೇ ಹೇಳಿದ, ತೂಕವನ್ನೂ ಹೇಳಿದ. ಪೆಂಟಮ್ಮ ಅವನಿಗೆ ಕೈ ಮುಗಿದಳು.

ಅಕ್ಕಂದಿರೇ, ಅಣ್ಣಂದಿರೇ, ಸಮನ್ಸ್ ಬಂದರೆ ಹೆದರಿ ಅಡಗಬೇಡಿ, ಕಂಡದ್ದನ್ನು ಹೇಳಿ ಬನ್ನಿ. ಮನೆಯ ಮಗು ನಶೆಯ ದಾರಿ ಹಿಡಿದರೆ ಇವತ್ತೇ ಬಾಯಿ ಬಿಡಿ. ಮಗನ ಬಗ್ಗೆ ನೀವೇ ಮೊದಲು ಮಾತಾಡಿದರೆ ಕೋರ್ಟು ಮಾತಾಡುವ ದಿನ ಬಾರದೆ ಹೋದೀತು.