ಮದುವೆಗೆ ಮುಂಚಿನ ನಂಟು

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇರಿಕೆ ಊರಿನ ರಾಮಕ್ಕನನ್ನು ದೂರಬೇಡಿ.

ನಾನು ಲಕ್ಷ್ಮೀಪತಿ, ಹೊಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವನು. ಎಪ್ಪತ್ತೇಳನೇ ಇಸವಿಯ ಸುಮಾರಿಗೆ ಸುತ್ತಮುತ್ತ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ನಮ್ಮ ಜಗಲಿ ಹತ್ತುತ್ತಿದ್ದರು. ನನಗೂ ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ. ರಾಮಕ್ಕ ಸೊಸೆ ಕದಿರಮ್ಮನನ್ನು ಕರೆದುಕೊಂಡು ಬಂದದ್ದೂ ಹಾಗೆಯೇ. ರಾಮಕ್ಕನ ಮಗ ಬಚ್ಚಪ್ಪ ಇಂಗ್ಲೆಂಡಿನ ಎರಕದ ಕಾರ್ಖಾನೆಯೊಂದರಲ್ಲಿದ್ದ. ಹಿಂದಿನ ವರ್ಷ ರಜೆಯಲ್ಲಿ ಬಂದು, ಕದಿರಮ್ಮನಿಗೆ ತಾಳಿ ಕಟ್ಟಿ, ತಿಂಗಳು ತುಂಬುವ ಮೊದಲೇ ವಾಪಸು ಹೋಗಿದ್ದ. ಈಗ ಹೆಂಡತಿಯನ್ನೂ ವಿಧವೆ ತಾಯಿಯನ್ನೂ ಕರೆಸಿಕೊಳ್ಳಲು ಫಾರಂ ಕಳಿಸಿದ್ದ.

ಆ ದೇಶದ ಕಾನೂನು ಹೀಗಿತ್ತು: ಅಲ್ಲಿ ನೆಲೆಸಿದವನು ಹೆಂಡತಿಯನ್ನು ಕರೆಸಿಕೊಳ್ಳಬಹುದು, ಆದರೆ ಮದುವೆ ನಿಜವೆಂದು ಅಧಿಕಾರಿಗೆ ನಂಬಿಕೆ ಬರಬೇಕು. ವಿಧವೆ ತಾಯಿಯನ್ನೂ ಕರೆಸಿಕೊಳ್ಳಬಹುದು, ಆದರೆ ಊರಿನಲ್ಲಿ ಅವಳಿಗೆ ಆಸರೆಯಾಗುವ ಹತ್ತಿರದವರು ಯಾರೂ ಇರಬಾರದು.

"ಅಂಚೆಟ್ಟೀಲಿ ನಿನ್ನ ಮಗಳು ಗೋವಿಂದಮ್ಮ ಇದಾಳಲ್ಲ?" ಅಂದೆ.

"ಕೊಟ್ಟ ಹೆಣ್ಣು ಲೆಕ್ಕಕ್ಕೆ ಬತ್ತಾಳಾ ಮೇಷ್ಟ್ರೇ? ಅವಳು ಆ ಮನೆಯೋಳು," ಅಂದಳು ರಾಮಕ್ಕ.

ನನಗೂ ಅದು ಸರಿ ಅನ್ನಿಸಿತು. "ಯಾರೂ ಇಲ್ಲ" ಎಂದು ಬರೆದೆ. ಮುಂದಿನ ಪ್ರಶ್ನೆ: ಮದುವೆಗೆ ಮುಂಚೆ ಗಂಡ ಹೆಂಡತಿಗೆ ನಂಟಿತ್ತೇ? ಇತ್ತು. ಕದಿರಮ್ಮ ಆ ಗೋವಿಂದಮ್ಮನ ಹಿರಿಮಗಳು. ಹಾಲು ಬಿಟ್ಟಾಗಿನಿಂದ ಅಜ್ಜಿಯ ಹತ್ತಿರವೇ ಬೆಳೆದವಳು. ಬಚ್ಚಪ್ಪ ಅಕ್ಕನ ಮಗಳನ್ನೇ ಮಾಡಿಕೊಂಡಿದ್ದ. ನಮ್ಮ ಕಡೆ ಇದನ್ನು ಯಾರೂ ತಿರುಗಿ ಕೂಡ ನೋಡುವುದಿಲ್ಲ. ನನ್ನ ಹೆಂಡತಿ ರಾಧಮ್ಮನೂ ನನ್ನ ದೊಡ್ಡಕ್ಕನ ಮಗಳೇ. ಆದರೆ ಇಂಗ್ಲಿಷಿನಲ್ಲಿ, ಬಿಳಿಯರ ಫಾರಮಿನಲ್ಲಿ, ಗಂಡನೇ ಸೋದರಮಾವ ಎಂದು ಬರೆಯಲು ನನಗೆ ನಾಚಿಕೆಯಾಯಿತು. ಇವರೆಂಥ ಜನ ಅಂದುಕೊಂಡಾರು ಎಂದು ಹೆದರಿದೆ. "ಇಲ್ಲ" ಎಂದು ಬರೆದು, ಚೆಂದವಾಗಿ ಗೆರೆ ಎಳೆದೆ.

ಮದರಾಸಿನ ಬ್ರಿಟಿಷ್ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ಅಲ್ಲಿ ಅತ್ತೆ ಸೊಸೆಯನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ತಮಿಳು ದುಭಾಷಿಯನ್ನಿಟ್ಟುಕೊಂಡು ಕೇಳಿದರು. ಆ ಹುಡುಗಿ ನಿನಗೇನಾಗಬೇಕು? ರಾಮಕ್ಕ, "ನನ್ನ ಮೊಮ್ಮಗಳು" ಅಂದಳು. ಆಚೆ ಕೋಣೆಯಲ್ಲಿ ಕದಿರಮ್ಮ, "ಅವರು ನಮ್ಮತ್ತೆ" ಅಂದಳು. ಎರಡೂ ನಿಜ. ಆದರೆ ಫಾರಮಿನಲ್ಲಿ ನಂಟೇ ಇಲ್ಲವಲ್ಲ! ಎರಡು ತಿಂಗಳಿಗೆ ಕಾಗದ ಬಂತು: ಹೇಳಿಕೊಂಡ ಸಂಬಂಧ ನಂಬುವಂತಿಲ್ಲ, ಇಬ್ಬರ ಅರ್ಜಿಯೂ ವಜಾ.

ನಾನು ರೇಗಿಬಿಟ್ಟೆ. "ಸೊಸೆ ಅನ್ನೋಕೆ ನಿನಗೇನು ಬಾಯಿ ಬಿದ್ದುಹೋಗಿತ್ತಾ?" ಎಂದು ಜಗಲಿಯಲ್ಲೇ ಕೂಗಾಡಿದೆ.

ರಾಮಕ್ಕ ಸುಮ್ಮನಿರುವವಳಲ್ಲ. "ಎತ್ತಿ ಆಡ್ಸಿದ ಮಗೀನ ಮೊಮ್ಮಗಳಲ್ಲ ಅಂತ ಹೆಂಗನ್ಲಿ? ನೀವ್ಯಾಕೆ ಇಲ್ಲ ಅಂತ ಬರೆದ್ರಿ, ಅದನ್ನ ಹೇಳಿ ಮೊದ್ಲು," ಅಂದಳು.

ಕದಿರಮ್ಮ ಕಂಬಕ್ಕೆ ಒರಗಿಕೊಂಡು ಅಳುತ್ತಿದ್ದಳು. "ನಮ್ಮ ಮಾವ ಅಲ್ಲಿ ಒಬ್ರೇ ಬೇಯಿಸ್ಕೊಂಡು ತಿಂತಾವ್ರೆ," ಎಂಬುದೊಂದೇ ಅವಳ ಮಾತು. ಒಳಗಿನಿಂದ ರಾಧಮ್ಮ ಬಾಗಿಲಿಗೆ ಬಂದು ನಿಂತಳು. "ನನ್ನನ್ನೂ ಎಲ್ಲಾದರೂ ಬರೆಯೋದಿದ್ದರೆ ಹೀಗೇ ಬರೀತಿದ್ರೇನೋ," ಎಂದು ಹೇಳಿ ಒಳಗೆ ಹೋದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಅವಮಾನ ಎಂದೂ ಆಗಿರಲಿಲ್ಲ.

ಮೇಲ್ಮನವಿಗೆ ಅವಕಾಶವಿತ್ತು. ನಿಯಮಗಳನ್ನು ಮತ್ತೆ ಓದಿ ರಾಮಕ್ಕನನ್ನು ಕರೆಸಿದೆ. ಅಕ್ಕನ ಮಗಳೆಂದು ಒಪ್ಪಿಕೊಂಡರೆ ಕದಿರಮ್ಮನ ದಾರಿ ತೆರೆಯುತ್ತದೆ. ಆದರೆ ಆ ಅಕ್ಕ ಯಾರು, ಎಲ್ಲಿದ್ದಾಳೆ ಎಂದು ಕೇಳುತ್ತಾರೆ. ಅಂಚೆಟ್ಟಿಯಲ್ಲಿ ಮಗಳಿದ್ದಾಳೆಂದು ಗೊತ್ತಾದರೆ ರಾಮಕ್ಕನ ದಾರಿ ಮುಚ್ಚುತ್ತದೆ.

"ಒಂದು ಉಪಾಯ ಇದೆ," ಎಂದೆ, ಧ್ವನಿ ತಗ್ಗಿಸಿ. "ಗೋವಿಂದಮ್ಮ ತೀರಿಕೊಂಡಳು ಅಂತ ಬರೆದುಬಿಟ್ಟರೆ ಇಬ್ಬರಿಗೂ ಆಗುತ್ತೆ. ಇಲ್ಲೀವರೆಗೆ ಬಂದು ನೋಡೋರು ಯಾರು?"

ರಾಮಕ್ಕ ನನ್ನನ್ನೇ ನೋಡಿದಳು. "ಥೂ! ಬದುಕಿರೋ ಮಗಳನ್ನ ಕಾಗದದಾಗೆ ಸಾಯಿಸ್ತೀರಾ? ಓದಿದೋರು ನೀವು!" ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಗದವನ್ನು ನನ್ನ ಮುಂದೆ ತಳ್ಳಿದಳು. ಕದಿರಮ್ಮನನ್ನು ಬಿಟ್ಟು ಒಂದು ದಿನವೂ ಇರದವಳು. "ಎಲ್ಲಾ ಇದ್ದಂಗೆ ಬರೀರಿ. ಹುಡುಗಿ ಗಂಡನ ತಾವ ಸೇರ್ಕಳ್ಳಿ," ಅಂದಳು.

ಬರೆದೆ. ನಮ್ಮ ಕಡೆಯ ವಾಡಿಕೆಯನ್ನು ವಿವರಿಸಿದೆ. ಕೊನೆಯಲ್ಲಿ, ಇದನ್ನು ಬರೆಯುತ್ತಿರುವವನ ಹೆಂಡತಿಯೂ ಅವನ ಅಕ್ಕನ ಮಗಳೇ ಎಂದು ಸೇರಿಸಿ ಸಹಿ ಹಾಕಿದೆ. ಕೆಳಗೆ ರಾಧಮ್ಮ ಸಾಕ್ಷಿ ಹಾಕಿದಳು. ಅವತ್ತು ಕಾಫಿಯನ್ನು ಜಗಲಿಗೇ ತಂದುಕೊಟ್ಟಳು.

ತೀರ್ಪು ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಕದಿರಮ್ಮನಿಗೆ ಸಿಕ್ಕಿತು. ರಾಮಕ್ಕನಿಗೆ ಇಲ್ಲ, ಕಾರಣ ಒಂದೇ ಸಾಲು: ಅರ್ಜಿದಾರಳಿಗೆ ಊರಿನಲ್ಲಿ ಮಗಳಿದ್ದಾಳೆ. ನಾನು ಮೊದಲೇ ನಿಜ ಬರೆದಿದ್ದರೂ ಅವಳಿಗೆ ಸಿಗುತ್ತಿರಲಿಲ್ಲ, ಗೊತ್ತು. ಆದರೆ ಆ ಹುಡುಗಿ ಒಂದೂವರೆ ವರ್ಷ ಮೊದಲೇ ಗಂಡನ ಮನೆ ಸೇರುತ್ತಿದ್ದಳು.

ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಕದಿರಮ್ಮ ಅಜ್ಜಿಯ ಕೈ ಬಿಡಲೇ ಇಲ್ಲ. ಕಂಡಕ್ಟರ್ ಗದರಿದ ಮೇಲೆ ಹತ್ತಿದಳು. ಮದರಾಸಿನ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ರಾಮಕ್ಕ ಅಳಲಿಲ್ಲ. ಆಮೇಲೆ ಅತ್ತಳು. ಬೇರಿಕೆಯ ಮನೆಗೆ ಬೀಗ ಹಾಕಿ, ಒಂದು ಟ್ರಂಕು ತಂದಿದ್ದಳು.

"ಅಂಚೆಟ್ಟಿ ಬಸ್ಸು ಎಷ್ಟೊತ್ಗೆ ಮೇಷ್ಟ್ರೇ?"

"ಮೂರಕ್ಕೆ. ಅದು ಬಿಟ್ಟರೆ ನಾಳೆಯೇ."

ಮೂಗು ಒರೆಸಿಕೊಂಡು ಟ್ರಂಕಿನ ಮೇಲೆ ಕೂತಳು. ನಾನು ಕ್ಷಮಿಸು ಎಂದು ಹೇಳಲು ಬಾಯಿ ತೆರೆದೆ, ಅವಳು ಕೈ ಅಡ್ಡ ಮಾಡಿದಳು.

"ಮಗಳ ಮನೇಗೆ ಇಷ್ಟು ದಿನ ನೆಂಟಳಾಗಿ ಹೋಗಿ ಬತ್ತಿದ್ದೆ. ಈಗ ಇರಕ್ಕೆ ಹೋಗ್ತಾ ಇವ್ನಿ," ಅಂದಳು. "ನಾನು ಅವಳನ್ನ ಲೆಕ್ಕಕ್ಕೆ ತಗಂಡಿರ್ಲಿಲ್ಲ. ಬಿಳಿಯೋರು ತಗಂಡ್ರು ನೋಡಿ."