ಇರಲಿ ಅಂತ ಇಟ್ಟುಕೊಂಡದ್ದು

ಒಲೆಯ ಮೇಲಿನ ಹಾಲು ಕಾಯುವುದರೊಳಗೆ ಸಹನಾ ಸ್ಟೂಲು ಹತ್ತಿ, ಅಲಮಾರಿನ ಮೇಲಿಂದ ಆಕ್ಸಿಜನ್ ಮಿಷನ್ ಇಳಿಸಿ, ಧೂಳು ಒರೆಸಿ ಚಾರ್ಜಿಗೆ ಹಾಕಿದಳು. ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹಿಂದಿನ ದಿನವೇ ಹೊರಟುಹೋಗಿದ್ದರು. ವಿಜಯವಾಡದ ಆ ಮನೆಯಲ್ಲಿ ಗಂಡ ಗುರುದತ್ತನಿಲ್ಲದ ಮೊದಲ ಮಾಮೂಲಿ ಬೆಳಗು. ಉಳಿದವಳು ಯಾದಗಿರಿಯಿಂದ ಬಂದಿದ್ದ ಅವನ ತಂಗಿ ಚಿತ್ರಾ ಒಬ್ಬಳೇ.

"ಎಲ್ಲಿಗ್ರಿ ವೈನಿ, ಇಷ್ಟ್ ಲಗೂ?"

"ಬೆಟ್ಟಕ್ಕೆ. ಇದನ್ನ ಕೊಟ್ಟು ಬರ್ತೀನಿ."

"ಯಾರ ಕೈಯಾಗರ ಕಳಸ್ರಲ್ಲಾ."

"ಹಾಗೆ ಕಳಿಸೋ ಹೊತ್ತಿನಲ್ಲಿ ನಾನು ಕಳಿಸಲಿಲ್ಲ."

* * *

ವಿಶಾಖಪಟ್ಟಣದ ಆಚೆ, ಘಾಟಿಯ ಮೇಲಿನ ಊರಿನಲ್ಲಿ ಗುರುದತ್ತ ಬ್ಯಾಂಕ್ ಮ್ಯಾನೇಜರ್ ಆಗಿದ್ದ. ಶ್ವಾಸಕೋಶ ಗಟ್ಟಿಯಾಗುತ್ತ ಬಂದ ಮೇಲೆ ವಿಜಯವಾಡಕ್ಕೆ ವರ್ಗ ಸಿಕ್ಕಿತು. ಹೊರಡುವ ದಿನ ಆರೋಗ್ಯ ಕೇಂದ್ರದ ನರ್ಸ್ ಲಕ್ಷ್ಮೀಪ್ರಸನ್ನ ಕಾರಿನೊಳಗೆ ಈ ಮಿಷನ್ ಇಟ್ಟಳು. ಹೆಗಲಿಗೆ ಹಾಕಿಕೊಳ್ಳುವ ಚೀಲದಷ್ಟು ದೊಡ್ಡದು, ಬ್ಯಾಟರಿಯಲ್ಲೂ ಓಡುತ್ತದೆ. ಇಡೀ ಕೇಂದ್ರಕ್ಕೆ ಅದೊಂದೇ.

"ವಿಶಾಖ ಮುಟ್ಟೋವರೆಗೆ ಇರಲಿ ಸಾರ್. ಅಲ್ಲಿ ನಮ್ಮ ಆಂಬುಲೆನ್ಸ್ ಡ್ರೈವರ್‌ಗೆ ಕೊಟ್ಟುಬಿಡಿ."

ವಿಶಾಖದಲ್ಲಿ ಡ್ರೈವರ್ ಬಂದು ಕೇಳಿದ. ವಿಜಯವಾಡ ಮುಟ್ಟಿ ಕಳಿಸ್ತೀವಿ ಎಂದಳು ಸಹನಾ.

ವಿಜಯವಾಡದಲ್ಲಿ ಗವರ್ನರ್‌ಪೇಟೆಯ ಮೆಡಿಕಲ್ ಅಂಗಡಿಗೆ ಫೋನ್ ಮಾಡಿದ್ದಷ್ಟೇ, ಮಾಡಿದ ಕಾಫಿ ಆರುವುದರೊಳಗೆ ದೊಡ್ಡ ಮಿಷನ್ ಬಾಡಿಗೆಗೆ ಬಂತು. ಚಿಕ್ಕದು ಅಲಮಾರು ಹತ್ತಿತು.

"ಅದನ್ನ ಕಳಸಬೇಕಲ್ಲ," ಎನ್ನುತ್ತಿದ್ದ ಗುರುದತ್ತ, ಉಸಿರು ಕೂಡಿಸಿಕೊಂಡು.

"ಇರಲಿ ಬಿಡಿ. ಕರೆಂಟ್ ಹೋದ್ರೆ?"

"ಇಲ್ಲಿ ಕರೆಂಟ್ ಯಾವಾಗ ಹೋಗ್ಯದ? ಹೋಗೂದು ಅಲ್ಲಿ."

ಆಮೇಲೆ ಅವನು ಕೇಳುವುದನ್ನು ಬಿಟ್ಟ. ಕೇಳಲು ಉಸಿರಿರಲಿಲ್ಲವೋ, ಅವನಿಗೂ ಅದು ಇರಲಿ ಅನಿಸಿತೋ, ಅವಳಿಗೆ ತಿಳಿಯಲಿಲ್ಲ.

* * *

ಅವನು ಹೋದ ದಿನ ದೇಹವನ್ನು ಹಜಾರದಲ್ಲಿ ಮಲಗಿಸಿದ್ದರು. ಬ್ಯಾಂಕಿನವರು ಗೋಡೆಗೆ ಒರಗಿ ನಿಂತಿದ್ದರು.

"ಸಾರ್ ಮೊದಲನೇ ದಿನ ಜೋಳದ ರೊಟ್ಟಿ ತಂದಿದ್ರು," ಎಂದ ಕ್ಯಾಷಿಯರ್ ಕೃಷ್ಣಚೈತನ್ಯ. "ನಾವು ಅಪ್ಪಡಂ ಅಂದ್ಕೊಂಡು ಬೇಳೆ ಪಪ್ಪು-ಅನ್ನದ ಜೊತೆ ಕಡಿದ್ವಿ. ಒಂದು ಮಾತಾಡಲಿಲ್ಲ ಮನುಷ್ಯ. ಮರುದಿನ ಇನ್ನೂ ಜಾಸ್ತಿ ತಂದ್ರು."

ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು.

ಅಷ್ಟರಲ್ಲಿ ಅಂಗಡಿಯವರು ಬಂದು, ಚಪ್ಪಲಿ ಬಿಟ್ಟು, ಶವಕ್ಕೆ ಕೈಮುಗಿದು, ಬಾಡಿಗೆ ಮಿಷನ್ ಎತ್ತಿಕೊಂಡರು. ಚಿತ್ರಾ ಅಲಮಾರಿನ ಮೇಲೆ ನೋಡಿದಳು.

"ವೈನಿ, ಅದೂ ಇವರದೇನ್ರಿ?"

"ಅಲ್ಲ. ಬೆಟ್ಟದ ದವಾಖಾನೆದು."

"ಅವರಿಗೆ ಇನ್ನೊಂದ್ ಅದ ಏನ್ರಿ?"

"ಇಲ್ಲ."

ಚಿತ್ರಾ ಅಲಮಾರಿನಿಂದ ಕಣ್ಣು ತೆಗೆದು ಅಣ್ಣನ ಕಡೆ ನೋಡಿದಳು. "ನಮ್ಮಪ್ಪ ಸೊಲ್ಲಾಪುರ ದವಾಖಾನಿ ಮುಟ್ಟೂದರಾಗ ದಾರ್ಯಾಗೇ ಹೋದ. ಅಣ್ಣನ ತೊಡಿ ಮ್ಯಾಲೆ. ಹೇಳಿಲ್ಲೇನ್ ನಿಮಗ?"

ಹೇಳಿದ್ದ. ಒಮ್ಮೆಯಲ್ಲ.

* * *

ರೈಲು ಇಳಿದು, ವಿಶಾಖದಲ್ಲಿ ತಂಗಿ, ಬೆಳಗಿನ ಬಸ್ಸಿನಲ್ಲಿ ಅವಳು ಘಾಟಿ ಹತ್ತಿದಳು. ಮಿಷನ್ ತೊಡೆಯ ಮೇಲೇ ಇತ್ತು. ಕೇಂದ್ರದ ಮುಂದೆ ಆಂಬುಲೆನ್ಸ್ ಹೊರಡಲು ನಿಂತಿತ್ತು. ಒಳಗೆ ಏದುಸಿರು ಬಿಡುತ್ತ ಒಬ್ಬ ಮುದುಕ.

ಲಕ್ಷ್ಮೀಪ್ರಸನ್ನ ಓಡಿ ಬಂದು ಅವಳ ಎರಡೂ ಕೈ ಹಿಡಿದಳು. "ಸಾರ್ ವಿಷಯ ಬ್ಯಾಂಕಿನಲ್ಲಿ ಹೇಳಿದ್ರು ಮೇಡಂ. ಎಂಥ ಮನುಷ್ಯ. ನೀವೇ ಯಾಕೆ ಬರೋಕೆ ಹೋದ್ರಿ?"

"ಇದು ಇಲ್ಲದೆ... ಯಾರಿಗಾದರೂ ಏನಾದರೂ ಆಯ್ತಾ?"

ನರ್ಸ್ ಕೈ ಬಿಟ್ಟಳು. ರಸ್ತೆಯ ಕಡೆ ನೋಡಿದಳು.

"ಒಬ್ಬಳು. ಬಾಣಂತಿ. ಅರ್ಧ ಘಾಟಿ ಇಳಿದಿದ್ವಿ." ಆಮೇಲೆ, "ಇದ್ದಿದ್ರೂ ಉಳೀತಿದ್ದಳು ಅಂತ ಹೇಳಕ್ಕಾಗಲ್ಲ ಬಿಡಿ. ಚಾರ್ಜ್ ಇದೆಯಾ?"

"ತುಂಬ ಇದೆ."

"ಹಾಗಾದ್ರೆ ಕೊಡಿ."

ನರ್ಸ್ ಹೊಸ ನಳಿಕೆ ಬಿಚ್ಚಿ ಮುದುಕನ ಮೂಗಿಗೆ ಹಾಕಿದಳು. ಮಿಷನ್ನನ್ನು ಬಾಗಿಲಲ್ಲಿ ನಿಂತಿದ್ದ ಅವನ ಮಗಳ ಹೆಗಲಿಗೆ ಏರಿಸಿದಳು. ಗಿಡ್ಡ ಹೆಂಗಸು. ಪಟ್ಟಿಯ ಉದ್ದ ಇನ್ನೂ ಗುರುದತ್ತನ ಎತ್ತರಕ್ಕೇ ಇತ್ತು. ಮಿಷನ್ ಅವಳ ಮೊಣಕಾಲಿಗೆ ಬಡಿಯುತ್ತಿತ್ತು. ಸಹನಾ ಆಂಬುಲೆನ್ಸಿನ ಮೆಟ್ಟಿಲ ಮೇಲೆ ಮಂಡಿಯೂರಿ, ಬಿಗಿದುಕೊಂಡಿದ್ದ ಬಕಲ್ಲನ್ನು ಉಗುರಿನಿಂದ ಸಡಿಲಿಸಿ, ಆ ಹೆಂಗಸಿನ ಸೊಂಟಕ್ಕೆ ಬರುವಷ್ಟು ಪಟ್ಟಿಯನ್ನು ಗಿಡ್ಡ ಮಾಡಿದಳು.